ಸ್ಟಾರ್ಟರ್ ಜೋಡಣೆ ಬೋಲ್ಟು: ಆಯ್ಕೆ ಮತ್ತು ಬಳಕೆ

ಸ್ಟಾರ್ಟರ್ ಜೋಡಣೆ ಬೋಲ್ಟು ಎಂದರೆ ಮೋಟಾರು ವಾಹನದ ಸ್ಟಾರ್ಟರ್ ಮೋಟಾರನ್ನು ಎಂಜಿನ್ ಬ್ಲಾಕಿಗೆ ಅಥವಾ ಗೇರ್‌ಬಾಕ್ಸಿನ ಬೆಲ್ ಹೌಸಿಂಗಿಗೆ ಬಿಗಿದು ಹಿಡಿಯುವ, ಥ್ರೆಡ್ ಇರುವ ಉಕ್ಕಿನ ಬೋಲ್ಟು. ಹೆಚ್ಚಿನ ಕಾರುಗಳಲ್ಲಿ ಇವು ಎರಡು, ಕೆಲವು ಕಾರುಗಳಲ್ಲಿ ಮತ್ತು ಹಲವು ಡೀಸೆಲ್ ಲಾರಿಗಳಲ್ಲಿ ಮೂರು ಇರುತ್ತವೆ. ಗ್ಯಾರೇಜುಗಳಲ್ಲಿ ಸ್ಟಾರ್ಟರಿಗೆ ‘ಸೆಲ್ಫ್ ಮೋಟಾರ್’ ಅಥವಾ ಬರೀ ‘ಸೆಲ್ಫ್’ ಎನ್ನುತ್ತಾರೆ, ಈ ಬೋಲ್ಟುಗಳಿಗೆ ‘ಸೆಲ್ಫ್ ಬೋಲ್ಟು’ ಎನ್ನುತ್ತಾರೆ. ಮೋಟಾರಿನ ಒಡಲು, ಮುಂದಿನ ಮುಚ್ಚಳ ಮತ್ತು ಹಿಂದಿನ ಮುಚ್ಚಳವನ್ನು ಒಂದಾಗಿ ಕಟ್ಟುವ ಉದ್ದನೆಯ ಎರಡು ಥ್ರೂ ಬೋಲ್ಟುಗಳು ಬೇರೆ. ಅವು ಮೋಟಾರಿನ ಜೊತೆಗೇ ಬರುತ್ತವೆ ಮತ್ತು ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ. ಜೋಡಣೆ ಬೋಲ್ಟುಗಳಾದರೋ ಬದಲಿ ಮೋಟಾರಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಆಯ್ಕೆಯ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ಈ ಲೇಖನದಲ್ಲಿ ‘ಅಳತೆ’ ಎಂದರೆ ಥ್ರೆಡ್ಡಿನ ಹೊರವ್ಯಾಸ. ‘ಪಿಚ್’ ಎಂದರೆ ಥ್ರೆಡ್ಡಿನ ಒಂದು ಏಣಿನಿಂದ ಮುಂದಿನ ಏಣಿಗಿರುವ ದೂರ, ಅಂದರೆ ಒಂದು ಪೂರ್ತಿ ಸುತ್ತಿಗೆ ಬೋಲ್ಟು ಒಳಸರಿಯುವ ದೂರ. ‘ಉದ್ದ’ ಎಂದರೆ ತಲೆಯ ಕೆಳಗಿನಿಂದ ತುದಿಯವರೆಗಿನ ಅಳತೆ. ತಲೆಯ ದಪ್ಪ ಇದರಲ್ಲಿ ಸೇರದು. ‘ನಂಬರ್’ ಎಂದರೆ ತಲೆಗೆ ಕೂರುವ ಸ್ಪ್ಯಾನರಿನ ಅಳತೆ. ಅಳತೆಯನ್ನೂ ನಂಬರನ್ನೂ ಬೆರೆಸುವುದರಿಂದಲೇ ಹೆಚ್ಚಿನ ತಪ್ಪುಗಳು ಆಗುತ್ತವೆಂದು ಮುಂದೆ ಕಾಣಬಹುದು.

ಹುಟ್ಟು ಮತ್ತು ಬೆಳವಣಿಗೆ

ವಿದ್ಯುತ್ ಸ್ಟಾರ್ಟರನ್ನು ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಳಕೆಗೆ ಬಂತು. ಅದಕ್ಕೂ ಮೊದಲು ಎಂಜಿನ್ ಹೊತ್ತಿಸಲು ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಮೋಟಾರು ಬಂದ ಮೇಲೆ ಹೊಸದೊಂದು ಯಾಂತ್ರಿಕ ಸಮಸ್ಯೆ ಎದುರಾಯಿತು. ಸಣ್ಣ ಪಿನಿಯನ್ ಹಲ್ಲುಚಕ್ರ ಫ್ಲೈವೀಲಿನ ದೊಡ್ಡ ರಿಂಗ್ ಗೇರಿಗೆ ಕೆಲವೇ ಕ್ಷಣ ಕಚ್ಚಿ, ಎಂಜಿನ್ ಹೊತ್ತಿಕೊಂಡ ಕೂಡಲೇ ಬಿಟ್ಟುಕೊಳ್ಳಬೇಕು. ಅಷ್ಟು ಹೊತ್ತೂ ಮೋಟಾರಿನ ಒಡಲು ಕದಲಬಾರದು. ವಿನ್ಸೆಂಟ್ ಬೆಂಡಿಕ್ಸ್ ರೂಪಿಸಿದ ಸ್ವಯಂ ಕಚ್ಚುವ ಪಿನಿಯನ್ ವ್ಯವಸ್ಥೆ ಜಗತ್ತಿನಾದ್ಯಂತ ಹಬ್ಬಿತು. ಸೊಲೆನಾಯ್ಡ್ ತಳ್ಳುವ ಇಂದಿನ ಪಿನಿಯನ್ನಿಗೂ ನಮ್ಮ ಗ್ಯಾರೇಜುಗಳಲ್ಲಿ ‘ಬೆಂಡಿಕ್ಸ್’ ಎಂಬ ಹೆಸರೇ ನಡೆದಿದೆ.

ಬೋಲ್ಟಿನ ಇತಿಹಾಸ ಇದಕ್ಕಿಂತ ಹಳೆಯದು, ಇದಕ್ಕಿಂತ ಗೊಂದಲದ್ದು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಥ್ರೆಡ್ಡಿಗೆ ಏಕರೂಪದ ಅಳತೆ ಸೂಚಿಸಿದ. ಅಮೆರಿಕದಲ್ಲಿ ಬೇರೆ ಪದ್ಧತಿ ಬೆಳೆಯಿತು. ಯುದ್ಧಕಾಲದಲ್ಲಿ ಎರಡೂ ದೇಶಗಳ ಬಿಡಿಭಾಗಗಳು ಒಂದಕ್ಕೊಂದು ಹೊಂದದೆ ಪಟ್ಟ ಪಾಡಿನ ನಂತರ 1948ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡ ಸೇರಿ ‘ಯೂನಿಫೈಡ್’ ಇಂಚು ಥ್ರೆಡ್ಡನ್ನು ಒಪ್ಪಿಕೊಂಡವು. ಯುರೋಪಿನಲ್ಲಿ ಮಿಲಿಮೀಟರ್ ಥ್ರೆಡ್ ನೆಲೆಯೂರಿತ್ತು. ಜಪಾನೀ ವಾಹನ ಉದ್ಯಮ ಮಿಲಿಮೀಟರ್ ಥ್ರೆಡ್ಡನ್ನೇ ತೆಗೆದುಕೊಂಡರೂ ಪಿಚ್ಚಿನಲ್ಲೂ ತಲೆಯ ಅಳತೆಯಲ್ಲೂ ತನ್ನದೇ ದಾರಿ ಹಿಡಿಯಿತು.

ಭಾರತದ ರಸ್ತೆಗೆ ಇವುಗಳಲ್ಲಿ ಹಲವು ಪದ್ಧತಿಗಳು ಬಂದಿವೆ. ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಡರ್ ಕಾರಿನ 1489 ಸಿಸಿ ಎಂಜಿನ್ ಬ್ರಿಟಿಷ್ ಮೂಲದ್ದು, ಅದರ ಥ್ರೆಡ್ ಇಂಚಿನದು. 1990ರ ದಶಕದಲ್ಲಿ ಅದೇ ಕಾರಿಗೆ ಜಪಾನಿನ ಇಸುಜು ಮೂಲದ 1.8 ಲೀಟರ್ ಎಂಜಿನ್ ಬಂದಾಗ ಥ್ರೆಡ್ ಮಿಲಿಮೀಟರಿಗೆ ಬದಲಾಯಿತು. ಹೊರಗಿನಿಂದ ಎರಡೂ ಒಂದೇ ಕಾರು, ಒಳಗಿನ ಬೋಲ್ಟು ಮಾತ್ರ ಬೇರೆ. ಮಹೀಂದ್ರ ಜೀಪಿನಲ್ಲೂ ಹೀಗೆಯೇ ಆಯಿತು: ವಿಲ್ಲೀಸ್ ವಂಶದ ಪೆಟ್ರೋಲ್ ಎಂಜಿನ್ನಿನದು ಇಂಚು, ಮುಂದೆ ಬಂದ ಪ್ಯೂಜೊ ಮೂಲದ ಡೀಸೆಲ್ಲಿನದು ಮಿಲಿಮೀಟರ್. 1954ರಲ್ಲಿ ಡೈಮ್ಲರ್ ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡ ಟಾಟಾ ಲಾರಿಗಳು ಜರ್ಮನ್ ಪದ್ಧತಿಯನ್ನು ತಂದವು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800 ಜಪಾನೀ ಪದ್ಧತಿಯನ್ನು ಮನೆಮನೆಗೆ ತಲುಪಿಸಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ತಾಲ್ಲೂಕು ಪಟ್ಟಣಗಳ ಗ್ಯಾರೇಜಿನಲ್ಲಿ ಒಂದೇ ಕುಶಲಕರ್ಮಿ ಈ ಎಲ್ಲ ವಂಶದ ವಾಹನಗಳಿಗೂ ಕೈಹಚ್ಚಬೇಕಾಗುತ್ತದೆ. ಆತನ ಡಬ್ಬಿಯಲ್ಲಿ ಎಲ್ಲ ಪದ್ಧತಿಯ ಹಳೆಯ ಬೋಲ್ಟುಗಳೂ ಬೆರೆತಿರುತ್ತವೆ. ಮಹಾನಗರದಲ್ಲಿ ಒಂದೇ ಕಂಪನಿಯ ಕಾರನ್ನಷ್ಟೇ ನೋಡುವ ಸರ್ವಿಸ್ ಕೇಂದ್ರಕ್ಕೆ ಈ ಕಷ್ಟವಿಲ್ಲ.

ಜೋಡಣೆಯ ರಚನೆ

ಇಂದಿನ ಕಾರುಗಳಲ್ಲಿ ಸ್ಟಾರ್ಟರಿನ ಮುಂಭಾಗ ಅಲ್ಯೂಮಿನಿಯಂ ಎರಕದ್ದು. ಅದರ ಎರಡು ಬದಿಗೆ ಚಾಚಿದ ತೂತಿನ ಭಾಗಕ್ಕೆ ಫ್ಲ್ಯಾಂಜ್ ಅಥವಾ ‘ಕಿವಿ’ ಎಂದು ಹೆಸರು. ಮಧ್ಯದಲ್ಲಿ ನಯವಾಗಿ ಕಡೆದ ದುಂಡನೆಯ ಅಂಚೊಂದು ಉಬ್ಬಿರುತ್ತದೆ. ಬೆಲ್ ಹೌಸಿಂಗಿನಲ್ಲಿ ಅಷ್ಟೇ ಅಳತೆಯ ದುಂಡು ತೂತು ಇರುತ್ತದೆ. ಉಬ್ಬಿದ ಅಂಚು ತೂತಿನಲ್ಲಿ ಕೂತಾಗ ಪಿನಿಯನ್ನಿಗೂ ರಿಂಗ್ ಗೇರಿಗೂ ಇರಬೇಕಾದ ಅಂತರ ತಾನಾಗಿ ಹೊಂದುತ್ತದೆ. ಹೀಗಾಗಿ ಮೋಟಾರಿನ ಸ್ಥಾನವನ್ನು ನಿಶ್ಚಯಿಸುವುದು ಈ ಅಂಚು. ಆ ಸ್ಥಾನದಿಂದ ಅದು ಕದಲದಂತೆ ಎರಡು ಲೋಹದ ಮುಖಗಳನ್ನು ಒತ್ತಿ ಹಿಡಿಯುವುದು ಬೋಲ್ಟಿನ ಕೆಲಸ.

ಇದಕ್ಕೆ ಪ್ರಸಿದ್ಧವಾದ ಅಪವಾದ ಅಮೆರಿಕದ ಷೆವ್ರೊಲೆ ವಿ8 ಎಂಜಿನ್‌ಗಳದು. ಅಲ್ಲಿ ಸ್ಟಾರ್ಟರ್ ಬ್ಲಾಕಿನ ತಳಕ್ಕೆ ಕೆಳಗಿನಿಂದ ಬಿಗಿಯಲ್ಪಡುತ್ತದೆ. ಸ್ಥಾನ ಹಿಡಿಯುವ ದುಂಡು ತೂತು ಇಲ್ಲ. ಬೋಲ್ಟಿನ ಕಾಂಡದ ಮೇಲೆ ಸಣ್ಣ ಗೆರೆಗಳನ್ನು ಒತ್ತಿ ಉಬ್ಬಿಸಿರುತ್ತಾರೆ. ಆ ಉಬ್ಬು ತೂತಿನ ಗೋಡೆಗೆ ಬಿಗಿಯಾಗಿ ಕೂತು ಮೋಟಾರಿನ ಸ್ಥಾನ ನಿಶ್ಚಯಿಸುತ್ತದೆ. ಅಂಥ ಜಾಗಕ್ಕೆ ಅದೇ ಅಳತೆಯ ಸಾಮಾನ್ಯ ಬೋಲ್ಟು ಹಾಕಿದರೆ ಥ್ರೆಡ್ ಹೊಂದಿದರೂ ಮೋಟಾರು ಕೂದಲೆಳೆಯಷ್ಟು ಸರಿಯುತ್ತದೆ, ಹಲ್ಲುಗಳು ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತವೆ. ಕಾಂಡವೂ ಅಳತೆಯ ಭಾಗವೇ ಎಂಬುದಕ್ಕೆ ಇದು ಸಾಕ್ಷಿ. ಭಾರತದಲ್ಲಿ ಓಡುವ ಹೆಚ್ಚಿನ ಕಾರುಗಳಿಗೆ ಈ ಕಷ್ಟವಿಲ್ಲವಾದರೂ, ತೆಗೆದ ಹಳೆಯ ಬೋಲ್ಟಿನಲ್ಲಿ ಥ್ರೆಡ್ ಇಲ್ಲದ ದಪ್ಪ ಕಾಂಡವಿದ್ದರೆ ಅದಕ್ಕೆ ಕಾರಣವಿರುತ್ತದೆಂದು ತಿಳಿದು ಅಂಥದ್ದನ್ನೇ ಹಾಕಬೇಕು.

ಜೋಡಣೆ ನಾಲ್ಕು ಬಗೆಯಲ್ಲಿ ಇರುತ್ತದೆ. ಬೆಲ್ ಹೌಸಿಂಗಿನಲ್ಲೇ ಥ್ರೆಡ್ ಕಡೆದ, ತಳವಿರುವ ತೂತಿಗೆ ಬೋಲ್ಟು ಹೋಗುವುದು ಒಂದು. ಥ್ರೆಡ್ಡಿನ ತೂತು ಆಚೆಗೂ ತೆರೆದಿರುವುದು ಇನ್ನೊಂದು; ಇಲ್ಲಿ ಬೋಲ್ಟು ಉದ್ದವಾದರೆ ಒಳಗಿನ ಫ್ಲೈವೀಲಿಗೆ ತಾಗುವ ಅಪಾಯವಿದೆ. ಮೂರನೆಯದರಲ್ಲಿ ಬೋಲ್ಟು ಎರಡನ್ನೂ ತೂರಿ ಆಚೆ ಬದಿಯಲ್ಲಿ ನಟ್ಟಿಗೆ ಕೂರುತ್ತದೆ. ನಾಲ್ಕನೆಯದು ಹೌಸಿಂಗಿನಲ್ಲಿ ಕಾಯಂ ಕೂತ ಸ್ಟಡ್ಡು ಮತ್ತು ನಟ್ಟು. ಒಂದೇ ಮೋಟಾರಿನ ಮೇಲಿನ ಕಿವಿಗೆ ಒಂದು ಬಗೆ, ಕೆಳಗಿನ ಕಿವಿಗೆ ಇನ್ನೊಂದು ಬಗೆ ಇರುವುದು ಅಪರೂಪವಲ್ಲ. ಎರಡೂ ಬೋಲ್ಟು ಒಂದೇ ಉದ್ದದವೆಂಬ ಊಹೆ ಇಲ್ಲಿ ಕೆಲಸಕ್ಕೆ ಬಾರದು.

ಬೋಲ್ಟಿನ ಕೆಲಸ

ಬೋಲ್ಟಿಗೆ ಮೂರು ಕೆಲಸಗಳಿವೆ. ಮೊದಲನೆಯದು ಒತ್ತಿ ಹಿಡಿಯುವುದು. ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಎಳೆಯುವ ಬಲವೇ ಎರಡು ಮುಖಗಳನ್ನು ಒತ್ತುತ್ತದೆ. 10 ಮಿ.ಮೀ. ಅಳತೆಯ 8.8 ದರ್ಜೆಯ ಬೋಲ್ಟು ಸರಿಯಾಗಿ ಬಿಗಿದಾಗ ಸುಮಾರು 25 ಕಿಲೋನ್ಯೂಟನ್, ಅಂದರೆ ಎರಡೂವರೆ ಟನ್ ತೂಕಕ್ಕೆ ಸಮನಾದ ಬಲದಿಂದ ಹಿಡಿಯುತ್ತದೆ. ಈ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಮೋಟಾರನ್ನು ಕದಲದಂತೆ ಇರಿಸುತ್ತದೆ. ಒತ್ತಡ ಕಡಿಮೆಯಾದರೆ ಕಿವಿಯು ಬೋಲ್ಟಿನ ಕಾಂಡಕ್ಕೆ ಅಡ್ಡಡ್ಡ ಬಡಿಯತೊಡಗುತ್ತದೆ. ಎಂಜಿನ್ ತಿರುಗಿಸುವಾಗ ಪ್ರತಿ ಸಿಲಿಂಡರಿನ ಒತ್ತುವ ಹೊಡೆತಕ್ಕೂ ಪಿನಿಯನ್ನಿನ ಮೇಲೆ ಭಾರ ಏರಿ ಇಳಿಯುತ್ತದೆ. ಈ ಏರಿಳಿತದ ಬಡಿತಕ್ಕೆ ಮೊದಲು ಸೋಲುವುದು ಅಲ್ಯೂಮಿನಿಯಂ ಕಿವಿ. ಗ್ಯಾರೇಜಿಗೆ ಬರುವ ‘ಕಿವಿ ಮುರಿದ ಸೆಲ್ಫ್’ ಬಹುಮಟ್ಟಿಗೆ ಸಡಿಲ ಅಥವಾ ತಪ್ಪು ಬೋಲ್ಟಿನ ಫಲ.

ಎರಡನೆಯದು ವಿದ್ಯುತ್ತಿನದು. ಕಾರಿನ ಸ್ಟಾರ್ಟರಿಗೆ ಬ್ಯಾಟರಿಯಿಂದ ಒಂದೇ ದಪ್ಪ ತಂತಿ ಬರುತ್ತದೆ. ವಿದ್ಯುತ್ತು ಹಿಂದಿರುಗುವುದು ಮೋಟಾರಿನ ಒಡಲು, ಕಿವಿ, ಬೆಲ್ ಹೌಸಿಂಗ್ ಮತ್ತು ಎಂಜಿನ್ನಿನ ಮೂಲಕ. ಸಣ್ಣ ಪೆಟ್ರೋಲ್ ಕಾರು ಸ್ಟಾರ್ಟ್ ಆಗುವಾಗ 100ರಿಂದ 200 ಆಂಪಿಯರ್, ಡೀಸೆಲ್ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಜೋಡಣೆಯ ಮುಖದಲ್ಲಿ ತುಕ್ಕು, ಬಣ್ಣ ಅಥವಾ ಎಣ್ಣೆ ಬೆರೆತ ದೂಳು ಸೇರಿ ಕೇವಲ 0.01 ಓಮ್ ತಡೆ ಹುಟ್ಟಿದರೂ 200 ಆಂಪಿಯರಿಗೆ 2 ವೋಲ್ಟು ಅಲ್ಲೇ ಕಳೆದುಹೋಗುತ್ತದೆ. 12 ವೋಲ್ಟಿನ ಬ್ಯಾಟರಿಗೆ ಇದು ದೊಡ್ಡ ನಷ್ಟ. ಹೊಸ ಬ್ಯಾಟರಿ, ಹೊಸ ಮೋಟಾರು ಹಾಕಿದರೂ ಸೆಲ್ಫ್ ನಿಧಾನ ತಿರುಗುತ್ತದೆಂಬ ದೂರಿಗೆ ಇದೂ ಒಂದು ಕಾರಣ. ಹಲವು ವಾಹನಗಳಲ್ಲಿ ಎಂಜಿನ್ನಿನ ಅರ್ತ್ ತಂತಿಯ ತುದಿಯನ್ನು ಸ್ಟಾರ್ಟರಿನ ಒಂದು ಬೋಲ್ಟಿನಡಿಯಲ್ಲೇ ಸಿಕ್ಕಿಸಿರುತ್ತಾರೆ. ಆಗ ಆ ತುದಿಯ ದಪ್ಪವನ್ನೂ ಬೋಲ್ಟಿನ ಉದ್ದದ ಲೆಕ್ಕಕ್ಕೆ ಸೇರಿಸಬೇಕು.

ಮೂರನೆಯದು, ಮತ್ತು ಹೆಚ್ಚು ಮರೆತುಹೋಗುವಂಥದ್ದು, ಹೌಸಿಂಗಿನ ಥ್ರೆಡ್ಡನ್ನು ಕಾಯುವುದು. ಬೋಲ್ಟು ಹಾಳಾದರೆ ಇನ್ನೊಂದು ಸಿಗುತ್ತದೆ. ಬೆಲ್ ಹೌಸಿಂಗಿನ ಥ್ರೆಡ್ ಹಾಳಾದರೆ ಅದು ಗೇರ್‌ಬಾಕ್ಸಿಗೇ ಬಂದ ಪೆಟ್ಟು. ಆದ್ದರಿಂದ ಆಯ್ಕೆಗೆ ಆಧಾರವಾಗಬೇಕಾದದ್ದು ಕೈಯಲ್ಲಿರುವ ಹಳೆಯ ಬೋಲ್ಟೂ ಅಲ್ಲ, ಹೊಸ ಮೋಟಾರೂ ಅಲ್ಲ, ಹೌಸಿಂಗಿನ ತೂತು. ಥ್ರೆಡ್, ಪಿಚ್ ಮತ್ತು ಆಳವನ್ನು ತೂತು ಹೇಳುತ್ತದೆ. ಮೋಟಾರು ಹೇಳುವುದು ಕಿವಿಯ ದಪ್ಪವನ್ನಷ್ಟೇ. ಇವೆರಡು ಸೇರಿದಾಗ ಬೋಲ್ಟು ನಿಶ್ಚಯವಾಗುತ್ತದೆ.

ಆಯ್ಕೆ: ಥ್ರೆಡ್ ಮತ್ತು ಪಿಚ್

ನಮ್ಮ ಕಡೆ ಬೋಲ್ಟನ್ನು ಸ್ಪ್ಯಾನರ್ ನಂಬರಿನಿಂದ ಕರೆಯುವ ರೂಢಿಯಿದೆ. ‘14 ನಂಬರ್ ಬೋಲ್ಟು ಕೊಡಿ’ ಎಂದರೆ ಅಂಗಡಿಯವರಿಗೆ ಅರ್ಥವಾಗುತ್ತದೆ. ಆದರೆ ನಂಬರ್ ಹೇಳುವುದು ತಲೆಯನ್ನು, ಥ್ರೆಡ್ಡನ್ನಲ್ಲ. ಜಪಾನೀ ಪದ್ಧತಿಯ ಕಾರುಗಳಲ್ಲಿ 8 ಮಿ.ಮೀ. ಬೋಲ್ಟಿಗೆ 12 ನಂಬರ್ ತಲೆ, 10 ಮಿ.ಮೀ.ಗೆ 14, 12 ಮಿ.ಮೀ.ಗೆ 17. ಹಳೆಯ ಜರ್ಮನ್ ಪದ್ಧತಿಯಲ್ಲಿ ಅವೇ ಅಳತೆಗಳಿಗೆ ಕ್ರಮವಾಗಿ 13, 17, 19. ಅಂತರರಾಷ್ಟ್ರೀಯ ಮಾನಕದಲ್ಲಿ 13, 16, 18. ಅಂದರೆ 17 ನಂಬರ್ ಬೋಲ್ಟು ಒಂದು ವಾಹನದಲ್ಲಿ 10 ಮಿ.ಮೀ., ಇನ್ನೊಂದರಲ್ಲಿ 12 ಮಿ.ಮೀ. ಇಂಚಿನ ಲೆಕ್ಕ ಇನ್ನಷ್ಟು ಮೋಸ ಮಾಡುತ್ತದೆ: ಮೂರೆಂಟಾಂಶ ಇಂಚಿನ ಬೋಲ್ಟಿನ ತಲೆ 14.29 ಮಿ.ಮೀ.; ಅದಕ್ಕೆ 14ರ ಸ್ಪ್ಯಾನರ್ ಹೋಗದು, 15ರದು ಸಡಿಲ. ಏಳು ಹದಿನಾರಾಂಶ ಇಂಚಿನ ಬೋಲ್ಟಿನ ತಲೆಗೆ ಮಾತ್ರ 16ರ ಸ್ಪ್ಯಾನರ್ ಚೆನ್ನಾಗಿಯೇ ಕೂರುತ್ತದೆ. ಸ್ಪ್ಯಾನರ್ ಕೂತ ಮಾತ್ರಕ್ಕೆ ಬೋಲ್ಟು ಮಿಲಿಮೀಟರಿನದೆಂದು ತೀರ್ಮಾನಿಸುವಂತಿಲ್ಲ.

ಪಿಚ್ ಇದಕ್ಕಿಂತ ಸೂಕ್ಷ್ಮ. 10 ಮಿ.ಮೀ. ಬೋಲ್ಟು ಸಾಮಾನ್ಯವಾಗಿ ಎರಡು ಪಿಚ್ಚುಗಳಲ್ಲಿ ಎದುರಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 1.5 ಪಿಚ್ಚಿನದು, ಸುಜುಕಿ, ಟೊಯೊಟ ಮೂಲದ ಕಾರುಗಳಲ್ಲಿ ಸಾಮಾನ್ಯವಾದದ್ದು 1.25. ಬರಿಗಣ್ಣಿಗೆ ಎರಡೂ ಒಂದೇ. 1.5ರ ಬೋಲ್ಟನ್ನು 1.25ರ ತೂತಿಗೆ ಹಾಕಿದರೆ ಪ್ರತಿ ಸುತ್ತಿಗೆ ಕಾಲು ಮಿಲಿಮೀಟರ್ ವ್ಯತ್ಯಾಸ ಕೂಡುತ್ತ ಹೋಗುತ್ತದೆ. ಒಂದೆರಡು ಸುತ್ತು ಬೆರಳಿಗೆ ಬಗ್ಗುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಅಲ್ಲಿಗೆ ಸ್ಪ್ಯಾನರ್ ಹಾಕಿ ಬಲ ಬಿಟ್ಟರೆ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಥ್ರೆಡ್ಡನ್ನು ಕೊರೆದುಕೊಂಡು ಒಳಹೋಗುತ್ತದೆ. ಬಿಗಿಯಾದಂತೆಯೇ ತೋರುತ್ತದೆ, ಆದರೆ ಥ್ರೆಡ್ ಆಗಲೇ ಸತ್ತಿರುತ್ತದೆ. ಮೂರೆಂಟಾಂಶ ಇಂಚಿನ 16 ಥ್ರೆಡ್ಡಿನ ಬೋಲ್ಟು 10 ಮಿ.ಮೀ. 1.5ರ ತೂತಿಗೆ ಹೋಗುವಾಗ ಇದರ ಉಲ್ಟಾ ಅಪಾಯ. ಅದರ ವ್ಯಾಸ 9.5 ಮಿ.ಮೀ., ಪಿಚ್ ಸುಮಾರು 1.59, ಸಡಿಲವಾಗಿ ಹಲವು ಸುತ್ತು ಸಲೀಸಾಗಿ ಹೋಗಿ, ಥ್ರೆಡ್ಡಿನ ತುದಿಯನ್ನಷ್ಟೇ ಹಿಡಿದು, ಬಿಗಿಯುವ ಹೊತ್ತಿಗೆ ಜಾರುತ್ತದೆ.

ಪರೀಕ್ಷೆ ಕಷ್ಟದ್ದಲ್ಲ. ತೂತನ್ನು ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ ಗಾಳಿ ಹೊಡೆಯಬೇಕು. ಪಿಚ್ ಗೇಜಿನ ಅಲಗನ್ನು ಬೋಲ್ಟಿನ ಮೇಲಿಟ್ಟು ಬೆಳಕಿಗೆ ಹಿಡಿದಾಗ ಹಲ್ಲುಗಳ ನಡುವೆ ಬೆಳಕು ತೂರಬಾರದು. ಗೇಜ್ ಇಲ್ಲದಿದ್ದರೆ, ಸರಿಯೆಂದು ಖಚಿತವಾದ ಬೋಲ್ಟೊಂದರ ಥ್ರೆಡ್ಡಿಗೆ ಹೊಸ ಬೋಲ್ಟಿನ ಥ್ರೆಡ್ ಒತ್ತಿ ಹಿಡಿದರೂ ಸಾಕು. ಪಿಚ್ ಒಂದೇ ಆಗಿದ್ದರೆ ಅವು ಉದ್ದಕ್ಕೂ ಒಂದರೊಳಗೊಂದು ಕೂರುತ್ತವೆ. ಕೊನೆಯದಾಗಿ, ಮೋಟಾರು ಇಲ್ಲದೆ ಬರೀ ಬೋಲ್ಟನ್ನು ತೂತಿಗೆ ಬೆರಳಿನಿಂದ ತಿರುಗಿಸಬೇಕು. ಸರಿಯಾದ ಬೋಲ್ಟು ಕೊನೆಯವರೆಗೂ ಬೆರಳಿಗೇ ಹೋಗುತ್ತದೆ.

ಆಯ್ಕೆ: ಉದ್ದ

ಉದ್ದದ ಲೆಕ್ಕ ಕೂಡಿಸುವ ಲೆಕ್ಕ: ಕಿವಿಯ ದಪ್ಪ, ವಾಷರುಗಳ ದಪ್ಪ, ಅರ್ತ್ ತಂತಿಯ ತುದಿ ಇದ್ದರೆ ಅದರ ದಪ್ಪ, ಮತ್ತು ಥ್ರೆಡ್ ಕಚ್ಚಬೇಕಾದ ಆಳ. ಕಚ್ಚುವ ಆಳ ತೂತಿನ ಲೋಹವನ್ನು ಅವಲಂಬಿಸುತ್ತದೆ. ಉಕ್ಕಿಗೆ ಬೋಲ್ಟಿನ ವ್ಯಾಸದಷ್ಟು ಸಾಕು. ಬೀಡು ಕಬ್ಬಿಣಕ್ಕೆ ಒಂದೂಕಾಲರಿಂದ ಒಂದೂವರೆ ಪಟ್ಟು. ಅಲ್ಯೂಮಿನಿಯಮ್ಮಿಗೆ ಒಂದೂವರೆಯಿಂದ ಎರಡು ಪಟ್ಟು ಬೇಕು. 10 ಮಿ.ಮೀ. ಬೋಲ್ಟು ಅಲ್ಯೂಮಿನಿಯಂ ಹೌಸಿಂಗಿನಲ್ಲಿ ಕನಿಷ್ಠ 15 ಮಿ.ಮೀ. ಕಚ್ಚಬೇಕು. 1.25 ಪಿಚ್ಚಿಗೆ ಇದು 12 ಸುತ್ತು. ಮೋಟಾರು ಜೋಡಿಸುವಾಗ ಬೆರಳಿನಿಂದ ತಿರುಗಿಸುತ್ತ ಸುತ್ತು ಎಣಿಸಿದರೆ ಅಳತೆಪಟ್ಟಿ ಇಲ್ಲದೆಯೇ ಆಳ ತಿಳಿಯುತ್ತದೆ. ಆರೇ ಸುತ್ತಿಗೆ ತಲೆ ಬಂದು ಕೂತರೆ ಆ ಬೋಲ್ಟು ಗಿಡ್ಡ.

ಗಿಡ್ಡ ಬೋಲ್ಟಿನ ಅಪಾಯ ಎಲ್ಲರಿಗೂ ಗೊತ್ತು. ಉದ್ದ ಬೋಲ್ಟಿನದು ಹೆಚ್ಚು ಮೋಸದ್ದು. ಒಂದು ಉದಾಹರಣೆ ನೋಡಬಹುದು. ಹಳೆಯ ಮೋಟಾರಿನ ಕಿವಿ 12 ಮಿ.ಮೀ., ವಾಷರು ಮತ್ತು ಸ್ಪ್ರಿಂಗ್ ವಾಷರು ಸೇರಿ 4.5 ಮಿ.ಮೀ., ಬೋಲ್ಟಿನ ಉದ್ದ 35 ಮಿ.ಮೀ. ಎಂದುಕೊಂಡರೆ ತೂತಿನೊಳಗೆ 18.5 ಮಿ.ಮೀ. ಹೋಗುತ್ತದೆ. ತೂತಿನ ಆಳ 20 ಮಿ.ಮೀ. ಇದ್ದರೆ ಎಲ್ಲವೂ ಸರಿ. ಈಗ ಅದರ ಜಾಗಕ್ಕೆ ಗೇರ್ ರಿಡಕ್ಷನ್ ಬಗೆಯ ಹಗುರ ಮೋಟಾರು ಬಂದಿದೆ, ಅದರ ಕಿವಿ 8 ಮಿ.ಮೀ. ಅದೇ ಬೋಲ್ಟು 22.5 ಮಿ.ಮೀ. ಒಳಹೋಗಬೇಕು, ಆದರೆ 20ಕ್ಕೇ ತಳ ಮುಟ್ಟುತ್ತದೆ. ಸ್ಪ್ಯಾನರಿಗೆ ಬಿಗಿ ಸಿಗುತ್ತದೆ, ಕೈ ಮುಗಿಯಿತೆನ್ನುತ್ತದೆ. ಕಿವಿಯ ಮೇಲೆ ಮಾತ್ರ ಒತ್ತಡವೇ ಇರುವುದಿಲ್ಲ. ಸ್ಪ್ರಿಂಗ್ ವಾಷರು ಚಪ್ಪಟೆಯಾಗದೆ ಬಾಯಿ ತೆರೆದೇ ಇರುವುದು ಇದರ ಗುರುತು. ಇಲ್ಲಿ ಬೇಕಾದದ್ದು 30 ಮಿ.ಮೀ. ಬೋಲ್ಟು. ಹೊಸ ಮೋಟಾರಿನ ಕಿವಿ 18 ಮಿ.ಮೀ. ಇದ್ದಿದ್ದರೆ ಅದೇ 35ರ ಬೋಲ್ಟು ಹತ್ತೇ ಸುತ್ತು ಕಚ್ಚುತ್ತಿತ್ತು, ಅಲ್ಯೂಮಿನಿಯಮ್ಮಿಗೆ ಅದು ಸಾಲದು. ತೂತಿನ ಆಳವನ್ನು ಸಣ್ಣ ತಂತಿ ಅಥವಾ ವೆಲ್ಡಿಂಗ್ ಕಡ್ಡಿ ಇಳಿಸಿ ಗುರುತು ಮಾಡಿ ಅಳೆಯಬಹುದು. ತಳದಲ್ಲಿ ಥ್ರೆಡ್ ಇಲ್ಲದ ಒಂದೆರಡು ಮಿಲಿಮೀಟರ್ ಇರುತ್ತದೆಂಬುದನ್ನು ಮರೆಯಬಾರದು.

ಆಯ್ಕೆ: ದರ್ಜೆ ಮತ್ತು ತಲೆ

ಬೋಲ್ಟಿನ ಬಲವನ್ನು ತಲೆಯ ಮೇಲೆ ಅಂಕಿಯಿಂದ ಒತ್ತಿರುತ್ತಾರೆ. 8.8 ಎಂದರೆ ಮುರಿಯುವ ಬಲ ಚದರ ಮಿ.ಮೀ.ಗೆ 800 ನ್ಯೂಟನ್, ಮರಳಿ ಬಾರದಂತೆ ಹಿಗ್ಗತೊಡಗುವ ಬಲ ಅದರ ಶೇ 80. 10.9 ಎಂದರೆ 1000 ಮತ್ತು ಶೇ 90. ಭಾರತೀಯ ಮಾನಕ ಐಎಸ್ 1367 ಈ ದರ್ಜೆಗಳನ್ನು ವಿಧಿಸುತ್ತದೆ. ಗ್ಯಾರೇಜಿನ ಮಾತಿನಲ್ಲಿ 8.8ಕ್ಕೂ ಅದಕ್ಕೆ ಮೇಲ್ಪಟ್ಟದ್ದಕ್ಕೂ ‘ಎಚ್‌ಟಿ ಬೋಲ್ಟು’ ಎಂಬ ಒಂದೇ ಹೆಸರು. ಅಂಕಿಯಿಲ್ಲದ ಬೋಲ್ಟು ಸಾಮಾನ್ಯವಾಗಿ 4.6ರ ಮಟ್ಟದ ಮೆದು ಉಕ್ಕು, ಗೇಟು ಕಿಟಕಿಗೆ ಹಾಕುವಂಥದ್ದು, ಅದು 8.8ರ ಐದರಲ್ಲಿ ಎರಡು ಭಾಗದಷ್ಟು ಮಾತ್ರ ಒತ್ತಿ ಹಿಡಿಯಬಲ್ಲದು. ಸ್ಟಾರ್ಟರಿಗೆ 8.8 ಕನಿಷ್ಠ. ವಾಹನ ತಯಾರಕರು 10.9 ಹಾಕಿದ್ದರೆ ಅದನ್ನೇ ಹಾಕಬೇಕು. 8.8 ದರ್ಜೆಯ ಒಣ ಬೋಲ್ಟಿಗೆ ಬಿಗಿ ಸಾಮಾನ್ಯವಾಗಿ 8 ಮಿ.ಮೀ.ಗೆ 25, 10 ಮಿ.ಮೀ.ಗೆ 45ರಿಂದ 50 ನ್ಯೂಟನ್ ಮೀಟರಿನ ಆಸುಪಾಸು. ತಯಾರಕರ ಕೈಪಿಡಿಯಲ್ಲಿ ಕಡಿಮೆ ಅಂಕಿ ಇದ್ದರೆ ಅದೇ ಪ್ರಮಾಣ. ಥ್ರೆಡ್ಡಿಗೆ ಎಣ್ಣೆ ಅಥವಾ ಗ್ರೀಸ್ ಸವರಿದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆಯಲ್ಪಡುತ್ತದೆ. ಆದ್ದರಿಂದ ಒಣ ಲೆಕ್ಕವನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಬಾರದು.

ತಲೆಯ ಬುಡದಲ್ಲೇ ಅಗಲ ತಟ್ಟೆಯಿರುವ ಫ್ಲ್ಯಾಂಜ್ ಬೋಲ್ಟು ಅಲ್ಯೂಮಿನಿಯಂ ಕಿವಿಗೆ ಒಳ್ಳೆಯದು. ಒತ್ತಡ ಅಗಲಕ್ಕೆ ಹರಡಿ ಕಿವಿಯಲ್ಲಿ ಗುಳಿ ಬೀಳುವುದಿಲ್ಲ. ಮಾಮೂಲಿ ಆರುಮೂಲೆಯ ತಲೆಯ ಬೋಲ್ಟು ಹಾಕುವುದಾದರೆ ಗಟ್ಟಿ ಚಪ್ಪಟೆ ವಾಷರು ಬೇಕೇ ಬೇಕು.

ಆಕ್ಷೇಪಗಳು

ಹಳೆಯ ಬೋಲ್ಟೇ ಸಾಕಲ್ಲವೇ ಎಂಬುದು ಮೊದಲ ಆಕ್ಷೇಪ. ಬಿಚ್ಚಿದ್ದು ಕಾರಿನ ಜೊತೆ ಬಂದ ಬೋಲ್ಟಾಗಿದ್ದು, ಹಾಕುವ ಮೋಟಾರು ಅದೇ ಮಾದರಿಯದಾಗಿದ್ದು, ಥ್ರೆಡ್ ಚೊಕ್ಕಟವಾಗಿದ್ದರೆ ಸಾಕು. ಆಗ ಅದಕ್ಕಿಂತ ಉತ್ತಮ ಆಯ್ಕೆ ಇಲ್ಲ. ಆದರೆ ಎರಡು ಮೂರು ಕೈ ದಾಟಿ ಬಂದ ವಾಹನದಲ್ಲಿ ಬಿಚ್ಚಿದ ಬೋಲ್ಟು ಮೂಲದ್ದೇ ಎಂಬ ಭರವಸೆ ಇಲ್ಲ. ಎರಡು ಬೋಲ್ಟುಗಳ ತಲೆ ಬೇರೆ ಬೇರೆ ಗುರುತಿನದಾಗಿದ್ದರೆ, ಒಂದರ ಥ್ರೆಡ್ಡಿನ ಸಂದಿಯಲ್ಲಿ ಅಲ್ಯೂಮಿನಿಯಂ ಚೂರು ಹೊಳೆಯುತ್ತಿದ್ದರೆ, ಹಿಂದೆಯೇ ಯಾರೋ ತಪ್ಪು ಬೋಲ್ಟು ಹಾಕಿದ್ದಾರೆಂದು ತಿಳಿಯಬೇಕು. ಆ ತಪ್ಪನ್ನೇ ಮಾದರಿಯಾಗಿ ಅಂಗಡಿಗೆ ಒಯ್ದರೆ ಅದೇ ಮರುಕಳಿಸುತ್ತದೆ.

ಎರಡನೆಯದು, ಗಟ್ಟಿಯಾದಷ್ಟೂ ಒಳ್ಳೆಯದೆಂಬ ವಾದ. 12.9 ದರ್ಜೆಯ ಬೋಲ್ಟು ಹಾಕಿದರೆ ಜೋಡಣೆ ಗಟ್ಟಿಯಾಗುವುದಿಲ್ಲ. ಸೋಲುವ ಕೊಂಡಿ ಅಲ್ಯೂಮಿನಿಯಂ ಥ್ರೆಡ್ಡು, ಬೋಲ್ಟಲ್ಲ. ಗಟ್ಟಿ ಬೋಲ್ಟು ಕೈಗೆ ಹೆಚ್ಚು ಬಿಗಿಯುವ ಧೈರ್ಯ ಕೊಟ್ಟು ಆ ಥ್ರೆಡ್ಡನ್ನೇ ಕಿತ್ತುಹಾಕಬಹುದು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟಿನ ಪರವಾಗಿಯೂ ವಾದವಿದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾದ ಸ್ಟೇನ್‌ಲೆಸ್ ದರ್ಜೆಗಳು 8.8ರಷ್ಟು ಬಲದವಲ್ಲ, ಮತ್ತು ತೇವವಿದ್ದಲ್ಲಿ ಸ್ಟೇನ್‌ಲೆಸ್ಸಿಗೆ ತಾಗಿದ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ಸತುವು ಲೇಪಿಸಿದ 8.8 ಉಕ್ಕು ಈ ಜಾಗಕ್ಕೆ ಹೆಚ್ಚು ಸೂಕ್ತ.

ಮೂರನೆಯದು ಚಿತ್ರದುರ್ಗ ಸೀಮೆಯ ಮಟ್ಟಿಗೆ ಹೆಚ್ಚು ತೂಕದ ಆಕ್ಷೇಪ: ಬೇಕಾದ ಬೋಲ್ಟು ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಾರದೇಕೆ? ಲೇತ್ ಈ ಭಾಗಕ್ಕೆ ಹೊರಗಿನದಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದುದು ಹರಿಹರದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಹರಿಹರ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಲೇತ್ ಅಂಗಡಿಯ ಕುಶಲತೆಯ ಬಗ್ಗೆ ಸಂಶಯವಿಲ್ಲ. ಪಿಚ್ ಕರಾರುವಾಕ್ಕಾಗಿಯೇ ಬರುತ್ತದೆ. ಕೊರತೆ ಲೋಹದಲ್ಲಿದೆ. ಅಂಗಡಿಯಲ್ಲಿ ಕೈಗೆ ಸಿಗುವ ಸರಳು ಮೆದು ಉಕ್ಕಿನದು. ಕಾರ್ಖಾನೆಯ ಬೋಲ್ಟು ಹದಗೊಳಿಸಿದ ಉಕ್ಕಿನದು, ಅದರ ಥ್ರೆಡ್ಡನ್ನು ಕತ್ತರಿಸದೆ ಒತ್ತಿ ಮೂಡಿಸಿರುತ್ತಾರೆ, ಹಾಗಾಗಿ ಲೋಹದ ಎಳೆ ತುಂಡಾಗಿರುವುದಿಲ್ಲ. ಲೇತಿಗೆ ಇಲ್ಲಿ ನಿಜವಾದ ಕೆಲಸ ಬೇರೆಯದಿದೆ. 8.8ರ ಉದ್ದ ಬೋಲ್ಟನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ತುದಿ ಇಳಿಜಾರು ಮಾಡಿಸಬಹುದು, ಸರಿಯಾದ ದಪ್ಪದ ವಾಷರು ಕಡೆಸಬಹುದು, ಥ್ರೆಡ್ ಕಿತ್ತ ತೂತಿಗೆ ವೈರ್ ಇನ್ಸರ್ಟ್, ಅಂದರೆ ಹೊಸ ಥ್ರೆಡ್ ಆಗುವ ತಂತಿಯ ಸುರುಳಿ, ಕೂರಿಸಬಹುದು. ಕಿತ್ತ 10 ಮಿ.ಮೀ. ತೂತನ್ನು 12ಕ್ಕೆ ಕೊರೆದು ಟ್ಯಾಪ್ ಹೊಡೆಯುವುದಕ್ಕಿಂತ ಈ ಇನ್ಸರ್ಟ್ ಲೇಸು: ಮೋಟಾರಿನ ಕಿವಿಯ ತೂತನ್ನು ದೊಡ್ಡದು ಮಾಡಬೇಕಾಗುವುದಿಲ್ಲ, ಮೂಲ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ.

ಎರಡರಲ್ಲಿ ಒಂದು ಬೋಲ್ಟು ಇದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ ಎಂಬ ಮಾತು ನಿಜ, ಆದರೆ ಅದು ಸಮರ್ಥನೆಯಾಗದು. ಒಂದೇ ಬೋಲ್ಟಿನ ಸುತ್ತ ಮೋಟಾರು ತಿರುಚಿಕೊಳ್ಳುತ್ತದೆ, ಪಿನಿಯನ್ ರಿಂಗ್ ಗೇರಿಗೆ ಓರೆಯಾಗಿ ಕಚ್ಚುತ್ತದೆ. ಆಗ ಸವೆಯುವ ರಿಂಗ್ ಗೇರನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

ಜೋಡಿಸುವ ಕ್ರಮ

ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು. ಸ್ಟಾರ್ಟರಿನ ದಪ್ಪ ತಂತಿಗೆ ನಡುವೆ ಫ್ಯೂಸ್ ಇಲ್ಲದ ವಾಹನಗಳೇ ಹೆಚ್ಚು. ವಾಹನವನ್ನು ಎತ್ತಿದ್ದರೆ ಜಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡ್ ಕೊಡಬೇಕು. ಎರಡೂ ಮುಖಗಳನ್ನು ಬರಿಲೋಹ ಕಾಣುವವರೆಗೆ ಉಜ್ಜಿ, ಮೋಟಾರಿನ ಅಂಚನ್ನು ತೂತಿನಲ್ಲಿ ಕೈಯಿಂದಲೇ ಪೂರ್ತಿ ಕೂರಿಸಬೇಕು. ಅಂಚು ಕೂರದೆ ಓರೆಯಿರುವಾಗ ಬೋಲ್ಟು ಬಿಗಿದು ಎಳೆದುಕೊಳ್ಳುವುದರಿಂದ ಹೊಸ ಮೋಟಾರಿನ ಕಿವಿಯೇ ಒಡೆಯುತ್ತದೆ. ಎರಡೂ ಬೋಲ್ಟನ್ನು ಬೆರಳಿನಿಂದ ಹಿಡಿಸಿದ ಮೇಲೆ ಒಂದಾದ ಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಚಿತ್ರದುರ್ಗ ಜಿಲ್ಲೆಯ ಸಂದರ್ಭ ಮತ್ತು ಇಂದಿನ ಸ್ಥಿತಿ

ಹಿರಿಯೂರು ಬೆಂಗಳೂರು–ಪುಣೆ ಕಡೆಯ 48ನೇ ರಾಷ್ಟ್ರೀಯ ಹೆದ್ದಾರಿಗೆ ಬಳ್ಳಾರಿ ಕಡೆಯಿಂದ ಬರುವ 150ಎ ಹೆದ್ದಾರಿ ಕೂಡುವ ಊರು. ಅದೇ 48ನೇ ಹೆದ್ದಾರಿ ಚಿತ್ರದುರ್ಗವನ್ನೂ ಹಾದುಹೋಗುತ್ತದೆ. ಲಾರಿ, ಬಸ್ಸು, ಕಾರುಗಳು ಎಲ್ಲಿಂದಲೋ ಬಂದು ಇಲ್ಲಿ ಕೆಟ್ಟು ನಿಲ್ಲುತ್ತವೆ. ಅವುಗಳ ಹಿಂದಿನ ರಿಪೇರಿಯ ಚರಿತ್ರೆ ಇಲ್ಲಿನ ಕುಶಲಕರ್ಮಿಗೆ ಗೊತ್ತಿರುವುದಿಲ್ಲ, ಹಳೆಯ ಬೋಲ್ಟನ್ನು ನಂಬಲು ಆತನಿಗೆ ಆಧಾರವೂ ಇರುವುದಿಲ್ಲ. ಹೊಳಲ್ಕೆರೆ ತಾಲ್ಲೂಕು ಮತ್ತು ಭೀಮಸಮುದ್ರದ ಸುತ್ತಿನ ಕಬ್ಬಿಣದ ಅದಿರಿನ ಪ್ರದೇಶದಲ್ಲಿ ಓಡುವ ವಾಹನಗಳಿಗೆ ಕೆಂಪು ದೂಳಿನ ಪ್ರಶ್ನೆಯಿದೆ: ಎಂಜಿನ್ ಎಣ್ಣೆ ಸೋರಿ ದೂಳಿನೊಡನೆ ಬೆರೆತು ತೂತಿನ ತಳದಲ್ಲಿ ಗಟ್ಟಿ ಕಸವಾಗಿ ಕೂರುತ್ತದೆ, ತೂತಿನ ಆಳ ಅಷ್ಟು ಕಡಿಮೆಯಾಗುತ್ತದೆ. ಸರಿಯಾದ ಉದ್ದದ ಬೋಲ್ಟೂ ಆಗ ತಳ ಮುಟ್ಟಿ ನಿಲ್ಲುತ್ತದೆ. ಉದ್ದ ಬದಲಿಸುವ ಮೊದಲು ತೂತು ತೊಳೆಯಬೇಕು. ಹೊಸದುರ್ಗ ಕಡೆಯ ತೆಂಗು ಅಡಿಕೆಯ ತೋಟದ ದಾರಿಗಳಲ್ಲಿ ದಿನಕ್ಕೆ ಹತ್ತಾರು ಬಾರಿ ನಿಂತು ಹೊರಡುವ ಪಿಕಪ್ ಗಾಡಿಗಳ ಸ್ಟಾರ್ಟರು ಹೆದ್ದಾರಿಯ ಲಾರಿಯದಕ್ಕಿಂತ ಹೆಚ್ಚು ಸಲ ಕಚ್ಚಿ ಬಿಡುತ್ತದೆ. ಅವುಗಳ ಬೋಲ್ಟಿನ ಬಿಗಿಯನ್ನು ಎಣ್ಣೆ ಬದಲಿಸುವಾಗಲೆಲ್ಲ ನೋಡುವುದು ತಕ್ಕದ್ದು.

ಮೋಟಾರಿನ ಪೂರೈಕೆ ಈಗ ಸುಲಭ. 1961ರಲ್ಲಿ ಸ್ಥಾಪನೆಯಾದ ಚೆನ್ನೈನ ಲ್ಯೂಕಾಸ್ ಟಿವಿಎಸ್ ಸೇರಿದಂತೆ ಹಲವು ತಯಾರಕರ ಸ್ಟಾರ್ಟರುಗಳು ಮಾರುಕಟ್ಟೆಯಲ್ಲಿವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಪಾರ್ಸೆಲ್ ತರಿಸಬಹುದು. ಆದರೆ ಪಾರ್ಸೆಲ್ಲಿನಲ್ಲಿ ಬರುವುದು ಮೋಟಾರು ಮಾತ್ರ. ಸುಮಾರು 200 ಕಿ.ಮೀ. ದೂರದ ಚಿತ್ರದುರ್ಗದಲ್ಲಿ ಅದನ್ನು ಕೂರಿಸುವವರು ಬೋಲ್ಟಿಗಾಗಿ ಇನ್ನೊಂದು ದಿನ ಕಾಯಬಾರದೆಂದರೆ, ತರಿಸುವಾಗಲೇ ವಾಹನದ ಮಾದರಿ ಮತ್ತು ವರ್ಷ ಹೇಳಿ ಕಂಪನಿಯ ಬೋಲ್ಟನ್ನು ಅದರ ಭಾಗಸಂಖ್ಯೆಯಿಂದ ಕೇಳಬೇಕು. ಸ್ಥಳೀಯ ಅಂಗಡಿಯಲ್ಲಿ ಕೊಳ್ಳುವುದಾದರೆ ‘14 ನಂಬರ್’ ಎನ್ನುವ ಬದಲು ‘10 ಮಿ.ಮೀ., 1.25 ಪಿಚ್, 35 ಉದ್ದ, 8.8’ ಎಂದು ನಾಲ್ಕೂ ಅಂಕಿ ಹೇಳಬೇಕು. ಗುಜರಿಯಲ್ಲಿ ಅದೇ ಮಾದರಿಯ ವಾಹನದಿಂದ ಬಿಚ್ಚಿದ ಬೋಲ್ಟು ಸಿಕ್ಕರೆ, ಥ್ರೆಡ್ ಹಿಗ್ಗಿಲ್ಲವೆಂದು ಗೇಜಿನಿಂದ ನೋಡಿಕೊಂಡು ಬಳಸಬಹುದು. ಅಂಕಿಯಿಲ್ಲದ ಹೊಸ ಬೋಲ್ಟಿಗಿಂತ ಅದು ಎಷ್ಟೋ ಮೇಲು.

ಇತ್ತೀಚಿನ ವಾಹನಗಳಲ್ಲಿ ಸ್ಟಾರ್ಟರಿನ ಪಾತ್ರ ಬದಲಾಗುತ್ತಿದೆ. ಸಿಗ್ನಲಿನಲ್ಲಿ ತಾನೇ ನಿಂತು ತಾನೇ ಹೊರಡುವ ಎಂಜಿನ್ನುಗಳಿಗೆ ಹೆಚ್ಚು ಬಾಳಿಕೆಯ ಮೋಟಾರು ಬೇಕು. ಮಾರುತಿ ಸುಜುಕಿ 2015ರಿಂದ ತಂದ ಸೌಮ್ಯ ಹೈಬ್ರಿಡ್ ಕಾರುಗಳಲ್ಲಿ ಬೆಲ್ಟಿನಿಂದ ಎಂಜಿನ್ ತಿರುಗಿಸುವ ಜನರೇಟರ್ ಮೋಟಾರಿದೆ. ತಣ್ಣಗಿರುವ ಎಂಜಿನ್ನಿಗೆ ಹಳೆಯ ಬಗೆಯ ಸ್ಟಾರ್ಟರನ್ನು ಅವುಗಳಲ್ಲೂ ಉಳಿಸಿಕೊಳ್ಳಲಾಗಿದೆ. ಬೆಲ್ಟಿನ ಘಟಕದ ಬೋಲ್ಟುಗಳು ಬೆಲ್ಟಿನ ಎಳೆತವನ್ನೂ ಹೊರಬೇಕಾದ್ದರಿಂದ ಅವುಗಳ ಉದ್ದ ಮತ್ತು ಬಿಗಿಯ ಲೆಕ್ಕ ಬೇರೆ, ಸ್ಟಾರ್ಟರಿನ ಬೋಲ್ಟಿನೊಡನೆ ಅದಲುಬದಲು ಮಾಡುವಂತಿಲ್ಲ. ಪೂರ್ಣ ವಿದ್ಯುತ್ ಕಾರುಗಳಲ್ಲಿ ಸ್ಟಾರ್ಟರ್ ಇರುವುದಿಲ್ಲ.